ಸಾವಿರದ ನೂರ ನಲವತ್ತಮೂರು ಹುಳ

ಕೋಪ ಬಂದರೆ ಲತಾಮಣಿ ಪಾತ್ರೆ ಕುಕ್ಕುತ್ತಾಳೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೌದು, ಕುಕ್ಕುತ್ತೇನೆ. ಆದರೆ ಈ ಸಲ ಒಂದು ಲೋಟವನ್ನೂ ಕುಕ್ಕಲಿಲ್ಲ. ಪಾತ್ರೆಯ ಸದ್ದಿಗೆ ಇವರೆಲ್ಲ ಒಗ್ಗಿಹೋಗಿದ್ದಾರೆ.

ಸಾತನೂರಿನಿಂದ ಒಳಕ್ಕೆ ಐದು ಕಿಲೋಮೀಟರು ನಮ್ಮ ಊರು. ನಮ್ಮದು ಚಾಕಿ ಮನೆ. ಎಂದರೆ ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡು ಜ್ವರ ಕಳೆಯುವ ತನಕ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಹುಳ ಕೊಡುವ ಮನೆ. ಜ್ವರ ಅಂದರೆ ಹುಳ ಪೊರೆ ಬಿಡುವ ಕಾಲ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂತಿರುತ್ತದೆ. ಗೊತ್ತಿಲ್ಲದವರು ಸತ್ತೇಹೋಗಿದೆ ಅಂದುಕೊಳ್ಳುತ್ತಾರೆ.

ಹಾಗೆ ಅಂದುಕೊಂಡವಳು ನಾನೇ. ನನ್ನ ತವರು ದೊಡ್ಡಮಳೂರು. ಅಲ್ಲಿ ನಾನು ಹುಳ ಸಾಕಿದವಳಲ್ಲ. ಮದುವೆಯಾಗಿ ಬಂದ ತಿಂಗಳಲ್ಲೇ ಜ್ವರಕ್ಕೆ ಕೂತಿದ್ದ ಒಂದು ತಟ್ಟೆ ಹುಳವನ್ನು ಸತ್ತವು ಎಂದು ತಿಪ್ಪೆಗೆ ಸುರಿದುಬಂದೆ. ನನ್ನ ಮಾವ ಚೆಲುವಯ್ಯ ಬೀದಿಗೆ ಕೇಳುವ ಹಾಗೆ, "ಕಣ್ಣಿಲ್ವೇನಮ್ಮಿ ನಿಂಗೆ?" ಎಂದು ಕೂಗಿದರು. ಅದಾಗಿ ಹನ್ನೊಂದು ವರ್ಷ. ಅಂದಿನಿಂದ ನಮ್ಮ ಮನೆಗೆ ಬಂದ ನೆಂಟರು, ರೈತರು, ಸೊಪ್ಪಿನ ಆಳುಗಳು, ಕರೆಂಟು ಬಿಲ್ಲಿನವನು, ಎಲ್ಲರಿಗೂ ಕಾಫಿಯ ಜೊತೆ ಆ ತಟ್ಟೆಯ ಕತೆ ಸಿಕ್ಕಿದೆ. ಕೊನೆಯಲ್ಲಿ ಮಾವ ತೊಡೆ ತಟ್ಟಿಕೊಂಡು ನಗುತ್ತಾರೆ. ಬಂದವರೂ ನಗುತ್ತಾರೆ. ನಾನು ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಮಾವನ ಕಣ್ಣಿನ ಬಗ್ಗೆ ನಾನು ಸುಳ್ಳು ಹೇಳಬಾರದು. ರೋಗದ ಹುಳ ಆರಿಸುವುದರಲ್ಲಿ ಅವರಂಥವರು ಈ ಸುತ್ತಮುತ್ತ ಇಲ್ಲ. ಸಾವಿರ ಹುಳದ ನಡುವೆ ಒಂದರ ಮೈ ಒಂಚೂರು ಮಿಂಚಿದರೆ ಸಾಕು, ಹಾಲುತೊಂಡೆ ರೋಗ ಎಂದು ಕಡ್ಡಿಯಲ್ಲಿ ಎತ್ತಿ ಸುಣ್ಣದ ಬಾನಿಗೆ ಹಾಕುತ್ತಾರೆ. ಯಾರಾದರೂ ರೈತ ಬಂದು "ನಮ್ಮನೇಲಿ ರೋಗನೇ ಇಲ್ಲ" ಅಂದರೆ ಅವರಿಗೆ ಮೈ ಉರಿಯುತ್ತದೆ. "ಇಲ್ಲ ಅನ್ನೋನು ಹುಳ ನೋಡಿಲ್ಲ ಕಣ್ಲಾ. ನೋಡೋನ್ಗೆ ಹತ್ತಾದ್ರೂ ಸಿಕ್ತವೆ," ಎನ್ನುತ್ತಾರೆ. ಹುಳದ ಮನೆಯಲ್ಲಿ ಅದು ಸರಿ. ಅವರು ಅದನ್ನು ನನ್ನ ಕಂಪ್ಯೂಟರಿಗೆ ತಂದು ಹಚ್ಚಿದರು.

ಕಂಪ್ಯೂಟರು ನಡುಮನೆಯಲ್ಲಿ ಟೀವಿಯ ಪಕ್ಕ ಇದೆ. ಅದರಲ್ಲಿ ನನ್ನ ಎರಡು ವರ್ಷದ ದಾಖಲೆ ಇತ್ತು. ಪ್ರತಿ ಬ್ಯಾಚಿನಲ್ಲೂ ಮೊಟ್ಟೆ ಎಷ್ಟು, ನೂರಕ್ಕೆ ಎಷ್ಟು ಒಡೆದವು, ಹುಳದ ಮನೆಯ ಶಾಖ ಮತ್ತು ತೇವ ದಿನಕ್ಕೆ ನಾಲ್ಕು ಸಲ, ಯಾವ ಊರಿನ ಯಾವ ರೈತನಿಗೆ ಹುಳ ಹೋಯಿತು, ಅವನ ಬೆಳೆ ಏನಾಯಿತು, ಎಲ್ಲ. ಆ ಹಾಳೆಗಳನ್ನು ತಾನಾಗಿ ಸರಾಸರಿ ತೆಗೆಯುವ ಹಾಗೆ ಮಾಡಿಕೊಂಡಿದ್ದೆ. ಯಾರೂ ಕಲಿಸಿಕೊಡಲಿಲ್ಲ, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತದ್ದು.

ಯಾಕೆ ಬೇಕಿತ್ತು ಅಂದರೆ, ಏಳು ವರ್ಷದಿಂದ ಚಾಕಿ ಮಾಡುತ್ತಿರುವವಳು ನಾನು. ಬಾಗಿಲ ಮೇಲಿನ ಬೋರ್ಡಿನಲ್ಲಿ ಇರುವುದು ಚೆಲುವಯ್ಯನವರ ಹೆಸರು. ಕೇಂದ್ರವನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ರೇಷ್ಮೆ ಇಲಾಖೆಗೆ ಅರ್ಜಿ ಹಾಕಿದ್ದೆ. ಮಂಡಿ ನೋವು ಬಂದು ಕೂತಿದ್ದ ಮಾವ "ಆಯ್ತು, ಮಾಡ್ಕೊ" ಅಂದಿದ್ದರು. ಎರಡು ವರ್ಷದ ದಾಖಲೆ ನೋಡಿ, ಹುಳ ಹಂಚುವ ದಿನವೇ ಬಂದು ಪರಿಶೀಲನೆ ಮಾಡುತ್ತೇವೆ ಎಂದು ಇಲಾಖೆಯಿಂದ ಫೋನ್ ಬಂದಿತ್ತು. ಆ ಸಲದ ಮೊಟ್ಟೆ ಇನ್ನೂ ಒಡೆದಿರಲಿಲ್ಲ.

ಇಷ್ಟರಲ್ಲಿ ನನ್ನ ಗಂಡ ಕೆಂಪರಾಜು ಒಂದು ಹೊಸ ಚಿಂತೆ ಹಚ್ಚಿಕೊಂಡು ಬಂದರು. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅವರ ಕೆಲಸ. ಜೊತೆಯ ಪುನೀತ್ ಎಂಬವನ ಮನೆ ಕಂಪ್ಯೂಟರಿಗೆ ವೈರಸ್ ಬಂದು ಮದುವೆ ಫೋಟೋಗಳಿಗೆಲ್ಲ ಬೀಗ ಬಿತ್ತಂತೆ.

"ನಮ್ದುಕ್ಕೂ ಒಂದು ಆ್ಯಂಟಿವೈರಸ್ ಹಾಕ್ಬೇಕು ಕಣೆ," ಎಂದರು.

"ಹಾಕದೆ ಬುಟ್ಟಿದೀನಾ? ಅದರ ಜೊತೇಲೇ ಬಂದಿರೋದು ಐತೆ, ನಾನು ಅಪ್‌ಡೇಟ್ ಮಾಡ್ತಾನೇ ಇದೀನಿ."

"ಪುಕ್ಕಟೆ ಬಂದಿದ್ದು ಏನ್ ನೋಡ್ತದೆ?"

ನಾನು ಸುಮ್ಮನೆ ಹೇಳಿದ ಮಾತಲ್ಲ ಅದು. ಸೊಪ್ಪು ಹೆಚ್ಚುವ ಬಿಡುವಿನಲ್ಲಿ ಒಂದು ವಾರ ಓದಿ, ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡಿದ್ದೆ. ಯಾವುದು ಎಷ್ಟು ವೈರಸ್ ಹಿಡಿಯುತ್ತದೆ, ಯಾವುದು ಕಂಪ್ಯೂಟರನ್ನು ಎಷ್ಟು ನಿಧಾನ ಮಾಡುತ್ತದೆ, ಯಾವುದು ಏನೂ ಇಲ್ಲದ ಒಳ್ಳೆಯ ಫೈಲನ್ನು ವೈರಸ್ ಎಂದು ತಪ್ಪಾಗಿ ಹಿಡಿಯುತ್ತದೆ. ಈ ಮೂರನೆಯದು ಮುಖ್ಯ ಎಂದು ಅಡಿಗೆರೆ ಕೂಡ ಹಾಕಿದ್ದೆ. ಆ ನೋಟ್‌ಬುಕ್ಕು ಕೀಲಿಮಣೆಯ ಪಕ್ಕದಲ್ಲೇ ಇತ್ತು. ಯಾರೂ ತೆಗೆದು ನೋಡಲಿಲ್ಲ. ನೋಡುವುದು ಯಾಕೆ, ಅದು ಲತಾಮಣಿಯ ನೋಟ್‌ಬುಕ್ಕು ತಾನೆ?

ಮೊಟ್ಟೆ ಒಡೆಯುವ ದಿನ ನಾನು ಬೆಳಗ್ಗೆ ಆರಕ್ಕೇ ಹುಳದ ಮನೆ ಸೇರಿದೆ. ಆ ದಿನ ಒಳಗಿದ್ದವರನ್ನು ಹೊರಗೆ ಕರೆಯಬಾರದು, ಹೊರಗಿನವರು ಒಳಗೆ ಬರಬಾರದು. ಇದು ಮಾವ ಮಾಡಿದ ನಿಯಮ. ಫೋನು ಕೂಡ ಹೊರಗೇ. ಅವತ್ತು ಭಾನುವಾರ, ನನ್ನ ಗಂಡನಿಗೆ ರಜೆ. ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಅಡುಗೆಮನೆ ಬಾಗಿಲಲ್ಲಿ ಕೂತು ಅವರೇಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ಅಂಬುಜಮ್ಮ ಕಂಡದ್ದು.

ಅಪ್ಪ ಮಗ ಇಬ್ಬರೂ ಕುರ್ಚಿ ಎಳೆದುಕೊಂಡು ಮೂರು ಆ್ಯಂಟಿವೈರಸ್ ಪರೀಕ್ಷೆ ಮಾಡಲು ಕೂತರಂತೆ. ಒಂದು ಕಂಪ್ಯೂಟರಿನ ಜೊತೆಗೇ ಬಂದದ್ದು, ನೀಲಿ ಗುರುತಿನದು. ಇನ್ನೊಂದು ಕನಕಪುರದ ಅಂಗಡಿಯಿಂದ ತಿಂಗಳ ಮಟ್ಟಿಗೆ ನೋಡಿ ಎಂದು ಕೊಟ್ಟದ್ದು, ಹಸಿರು. ಮೂರನೆಯದು ಅದೇನೋ ಹುಡುಕುವಾಗ ಪರದೆಯ ಮೇಲೆ ತಾನಾಗಿ ಹಾರಿಬಂದು "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎಂದು ಬೊಬ್ಬೆ ಹೊಡೆದದ್ದು, ಕೆಂಪು. ನೀಲಿಯದು ಎಲ್ಲ ತಡಕಿ ಸೊನ್ನೆ ಎಂದಿತು. ಹಸಿರಿನದೂ ಸೊನ್ನೆ ಎಂದಿತು. ಕೆಂಪಿನದು ಎರಡು ನಿಮಿಷದಲ್ಲಿ ಸಾವಿರದ ನೂರ ನಲವತ್ತಮೂರು ಎಂದಿತು.

ಮಾವ ಕುರ್ಚಿಯ ತುದಿಗೆ ಬಂದರಂತೆ.

"ನೋಡ್ಲಾ, ಇದುಕ್ಕೆ ಕಣ್ಣೈತೆ! ಆ ಎರಡು ಮುಂಡೇವು ಸೊನ್ನೆ ಅಂತವಲ್ಲ, ಹುಳನೇ ನೋಡಿಲ್ಲ ಅವು."

"ಅಪ್ಪ, ಇದು ಯಾವ್ದೋ ಗೊತ್ತಿಲ್ಲ. ಒಸಿ ತಡೀರಿ, ಲತಾನ ಕೇಳಾವ."

"ಹುಳ ಒಡೆಯೋ ದಿನ ಅವಳ್ನ ಕರೀತೀಯೇನ್ಲಾ? ತಲೆಗಿಲೆ ಕೆಟ್ಟದಾ?"

ಕೆಂಪಿನದು ಎರಡು ದಾರಿ ತೋರಿಸಿತ್ತು. ಹಿಡಿದದ್ದನ್ನೆಲ್ಲ ಬೇರೆ ಕಡೆ ಕೂಡಿಹಾಕಲೋ, ಇಲ್ಲ ಪೂರ್ತಿ ಅಳಿಸಿಹಾಕಲೋ? ಕೂಡಿಹಾಕಿದ್ದರೆ ನಾನು ಬಂದು ಬಿಡಿಸಿಕೊಳ್ಳಬಹುದಿತ್ತು. ನನ್ನ ಗಂಡ ಅದಕ್ಕೇ ಕೈ ಹಾಕಿದ್ದರಂತೆ. ಮಾವ ಕೈ ತಡೆದರು.

"ರೋಗದ ಹುಳನ ಮನೆ ಒಳಗೇ ಇಟ್ಕಂಡು ಸಾಕ್ತಾರೇನ್ಲಾ? ಸುಣ್ಣಕ್ಕೆ ಹಾಕು."

ಹಾಗೆಂದು ತಾವೇ ತೋರುಬೆರಳಲ್ಲಿ ಒತ್ತಿದರು. ಅಷ್ಟಕ್ಕೇ ನಿಂತಿದ್ದರೂ ನಾನು ಉಳಿದುಕೊಳ್ಳುತ್ತಿದ್ದೆ. ದಾಖಲೆಯ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇತ್ತು. ಆದರೆ ಹುಳದ ಮನೆಯಲ್ಲಿ ರೋಗ ಕಂಡರೆ ಒಂದು ತಟ್ಟೆಯನ್ನೂ ಬಿಡುವ ಹಾಗಿಲ್ಲ, ಬಿಟ್ಟರೆ ಅದರಿಂದಲೇ ಮತ್ತೆ ಹರಡುತ್ತದೆ. ಮಾವ ಮೇಜಿನ ಖಾನೆ ಎಳೆದು, ಕುಂಕುಮದ ಡಬ್ಬಿಯೊಳಗೆ ನಾನು ಜೋಪಾನ ಮಾಡಿದ್ದ ಪೆನ್‌ಡ್ರೈವನ್ನು ಹುಡುಕಿ ತೆಗೆಸಿ, ಸಿಕ್ಕಿಸಿ, ಅದನ್ನೂ ತೊಳೆಸಿದರು.

ಸಂಜೆ ನಾಲ್ಕಕ್ಕೆ ನಾನು ಹೊರಗೆ ಬಂದಾಗ ಮಾವ ಕಡ್ಲೆಪುರಿ ತಿನ್ನುತ್ತ ಕೂತಿದ್ದರು.

"ಬಾ ಲತಾ. ನಿನ್ನ ಕಂಪ್ಯೂಟರ್ನ ಚೊಕ್ಕ ಮಾಡ್ಬುಟ್ಟಿವ್ನಿ. ಏನ್ ಕೊಳೆ ತುಂಬ್ಕಂಡಿದ್ದೆ ಅದ್ರೊಳಗೆ!"

ನಾನು ನೋಡಿದೆ. ದಾಖಲೆಯ ಫೋಲ್ಡರು ಇತ್ತು, ಒಳಗೆ ಏನೂ ಇರಲಿಲ್ಲ. ಕಸದ ಬುಟ್ಟಿಯಲ್ಲೂ ಇರಲಿಲ್ಲ. ಪೆನ್‌ಡ್ರೈವಿನಲ್ಲೂ ಇರಲಿಲ್ಲ. ಮೂಲೆಯಲ್ಲಿ ಕೆಂಪು ಗುರುತು ಮಾತ್ರ ಮಿಣಮಿಣ ಅನ್ನುತ್ತಿತ್ತು. ಆಗ ಹತ್ತಿದ ಕೋಪ ಇವತ್ತಿಗೂ ಆರಿಲ್ಲ.

"ಮಾವ, ಹುಳ ಆರ್ಸೋವಾಗ ಹೆಂಗೆ ಆರುಸ್ತೀರಿ?" ಎಂದೆ.

"ಹೆಂಗೆ ಅಂದ್ರೆ? ನೋಡಿ ಆರುಸ್ತೀನಿ."

"ಮೈ ಮಿಂಚ್ತದಾ, ಗಿಣ್ಣು ಊದೈತಾ, ಹಾಲು ಒಸರ್ತದಾ ಅಂತ ಒಂದೊಂದ್ನೂ ನೋಡ್ತೀರಿ ತಾನೆ?"

"ಹೂಂ ಮತ್ತೆ."

"ದಾರೀಲಿ ಹೋಗೋನು ಯಾವನೋ ಬಂದು ನಿಮ್ಮ ತಟ್ಟೆ ತುಂಬ ರೋಗ ಐತೆ ಅಂದ್ರೆ, ಕಣ್ಣಲ್ಲಿ ನೋಡ್ದೇ ಸುಣ್ಣಕ್ಕೆ ಸುರೀತೀರಾ?"

ಅವರಿಗೆ ಆಗ ಏನೋ ಆಗಿದೆ ಎಂದು ಗೊತ್ತಾಯಿತು. ಕಡ್ಲೆಪುರಿಯ ಕೈ ನಿಂತಿತು. "ಅದು ಮಿಸಿನ್ನು ಕಣಮ್ಮಿ. ಮಿಸಿನ್ನು ಸುಳ್ಳು ಹೇಳ್ತದಾ?" ಎಂದರು.

ನಾನು ಕಂಪ್ಯೂಟರು ಬಿಚ್ಚಿ, ಗಂಡನ ಬೈಕಿನ ಹಿಂದೆ ಅದನ್ನು ತಬ್ಬಿಕೊಂಡು ಕೂತು ಕನಕಪುರಕ್ಕೆ ಹೋದೆ. ಅಂಗಡಿಯ ಶಾಹಬಾಜ್ ಒಳ್ಳೆಯ ಕೆಲಸಗಾರ. ಒಂದು ಗಂಟೆ ತಡಕಾಡಿ ನನ್ನ ಕಡೆ ನೋಡದೆ ಗಂಡನ ಕಡೆ ತಿರುಗಿ ಹೇಳಿದ: "ಅಣ್ಣಾ, ಈ ಕೆಂಪುದು ಆ್ಯಂಟಿವೈರಸ್ ಅಲ್ಲ. ಇದೇ ವೈರಸ್ಸು. ಚೆನ್ನಾಗಿರೋ ಕಂಪ್ಯೂಟರಿಗೆ ಸೊನ್ನೆ ಅನ್ನೋದೇ ಸರಿ ಉತ್ತರ. ಅವೆರಡೂ ನಿಜ ಹೇಳಿದ್ವು."

"ಫೈಲು?" ಎಂದೆ.

"ಇಲ್ಲಕ್ಕಾ. ಅಳಿಸಿದ್ದಷ್ಟೇ ಅಲ್ಲ, ಅದರ ಮೇಲೆ ಇದು ಕಸ ತುಂಬಿಟ್ಟಿದೆ. ಪೆನ್‌ಡ್ರೈವ್ ಕತೇನೂ ಅದೇ. ಫೋಟೋ ಕೆಲವು ತೆಗೆದುಕೊಡ್ತೀನಿ."

ತೆಗೆದುಕೊಟ್ಟ ಫೋಟೋಗಳಲ್ಲಿ ಮಾವ ಬೋರ್ಡಿನ ಕೆಳಗೆ ನಿಂತು ತೆಗೆಸಿಕೊಂಡದ್ದೇ ಆರು ಇದ್ದವು.

ಪರಿಶೀಲನೆಗೆ ಇನ್ನು ಒಂಬತ್ತು ದಿನ. ರೈತರಿಗೆ ಹುಳ ಕೊಡುವಾಗ ನಾನು ಒಂದು ದಪ್ಪ ಚೀಟಿ ಬರೆದುಕೊಡುತ್ತೇನೆ. ಬ್ಯಾಚಿನ ನಂಬರು, ಒಡೆದ ದಿನ, ನೂರಕ್ಕೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಹೆಚ್ಚಿನವರು ಅದನ್ನು ಎಸೆಯುವುದಿಲ್ಲ, ಕ್ಯಾಲೆಂಡರಿನ ಹಿಂದೆಯೋ ದೇವರ ಪಟದ ಸಂದಿಯಲ್ಲೋ ಸಿಕ್ಕಿಸಿರುತ್ತಾರೆ. ನಲವತ್ತಾರು ಮನೆ. ನಾನು ಹುಳ ಬಿಟ್ಟು ಹೋಗುವ ಹಾಗಿಲ್ಲ. ಅಪ್ಪ ಮಗ ಇಬ್ಬರನ್ನೂ ಎದುರು ನಿಲ್ಲಿಸಿ ಹೇಳಿದೆ: "ರಜಾ ಹಾಕಿ. ನಲವತ್ತಾರು ಮನೆಗೂ ಹೋಗಿ ಚೀಟಿ ತನ್ನಿ, ಬೆಳೆ ಏನಾಯ್ತು ಕೇಳ್ಕೊಂಡ್ ಬನ್ನಿ. ಯಾಕೆ ಅಂತ ಕೇಳುದ್ರೆ ಆಗಿದ್ದನ್ನ ಹೇಳಿ."

ಮಾವ ಮಂಡಿ ನೋವು ಅಂದರು. ಬೈಕಿನಲ್ಲಿ ಕೂರುವುದಕ್ಕೆ ಮಂಡಿ ಬೇಕಾಗಿಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ಪಂಚೆ ಸರಿಮಾಡಿಕೊಂಡು ಬೈಕು ಹತ್ತಿದರು.

ಚೀಟಿಗಳು ಬಂದವು. ಅರಿಶಿನ ಮೆತ್ತಿದ್ದು, ಇಲಿ ಕಚ್ಚಿದ್ದು, ಹಿಂದೆ ಮಕ್ಕಳು ಮಗ್ಗಿ ಬರೆದದ್ದು. ಮಧ್ಯಾಹ್ನ ಸೊಪ್ಪು ಹಾಕಿದ ಮೇಲೆ ಕೂತು ಒಂದೊಂದನ್ನೇ ಟೈಪ್ ಮಾಡಿದೆ. ನಲವತ್ತೊಂದು ಮನೆಯವು ಸಿಕ್ಕವು. ಶಾಖ ಮತ್ತು ತೇವದ ಲೆಕ್ಕ ಮಾತ್ರ ಯಾರ ಮನೆಯಲ್ಲೂ ಸಿಗುವಂಥದ್ದಲ್ಲ. ಅದನ್ನು ಮೊದಲು ಹುಳದ ಮನೆಯ ಗೋಡೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಕಂಪ್ಯೂಟರಿಗೆ ಹಾಕುತ್ತಿದ್ದೆ, ಬ್ಯಾಚು ಮುಗಿದ ಮೇಲೆ ಆ ಹಾಳೆಯನ್ನು ಸುಡುತ್ತಿದ್ದೆವು. ಹಳೇ ಕಾಗದ ಒಳಗಿರಬಾರದು. ಅದೂ ಮಾವನ ನಿಯಮವೇ.

ಐದನೇ ದಿನ ಮುನೇಶಣ್ಣ ಫೋನ್ ಮಾಡಿದ. ಪಕ್ಕದೂರಿನವನು, ನಮ್ಮಲ್ಲೇ ಹುಳ ತೆಗೆದುಕೊಳ್ಳುವವನು.

"ಏನವ್ವಾ ಲತಾಮಣಿ, ಕಂಪ್ಯೂಟರ್ನಾಗೆ ಏನೋ ಒತ್ತುಬುಟ್ಯಂತೆ? ಎಲ್ಲಾ ಹೋಯ್ತಂತೆ?"

"ಯಾರಣ್ಣ ಹೇಳಿದ್ದು?"

"ಚೆಲುವಣ್ಣನೇ ಹೇಳ್ತು. ಇನ್ನೂ ಒಸಿ ಕೈ ಕುದ್ರಿಲ್ಲ ಸೊಸೇದು ಅಂತು. ಆ ತಟ್ಟೆ ಕತೇನೂ ಹೇಳ್ತು, ನಕ್ಕಿದ್ದೂ ನಕ್ಕಿದ್ದೇ."

ನಾನು ಫೋನ್ ಇಟ್ಟೆ. ಆಗ ಪಾತ್ರೆ ಕುಕ್ಕಬೇಕಿತ್ತು, ಗೋಡೆಗೆ ಎಸೆಯಬೇಕಿತ್ತು. ಕೈಯಲ್ಲಿ ಸೊಪ್ಪಿನ ಬುಟ್ಟಿ ಇತ್ತು, ಹುಳ ಎರಡನೇ ಜ್ವರಕ್ಕೆ ಕೂರುವ ಹೊತ್ತು. ಹೋಗಿ ಸೊಪ್ಪು ಹಾಕಿದೆ. ಸಂಜೆ ಗಂಡನನ್ನು ಕೇಳಿದರೆ ಅವರು ತಲೆ ಕೆರೆದುಕೊಂಡರು.

"ವಯಸ್ಸಾದೋರು, ಮರ್ಯಾದೆ ಪ್ರಶ್ನೆ ಕಣೆ. ಬುಡು."

"ನಿಮ್ಮಪ್ಪನ ಮರ್ಯಾದೆಗೆ ನಂದನ್ನ ಹಂಚ್ಕೊಂಡು ಬಂದ್ರಾ ನಲವತ್ತಾರು ಮನೇಗೆ? ನೀವು ಪಕ್ಕದಲ್ಲೇ ನಿಂತಿದ್ರಲ್ಲ, ಬಾಯಲ್ಲಿ ಏನಿಟ್ಕೊಂಡಿದ್ರಿ?"

ಅತ್ತೆ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಗಂಡನ ಮಾತಿಗೆ ಎಂದೂ ಅಡ್ಡ ಬಂದವರಲ್ಲ ಅವರು. ಅವತ್ತು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು.

ಹುಳ ಹಂಚುವ ದಿನ ಬಂತು. ಅಂಗಳದಲ್ಲಿ ಮುನೇಶಣ್ಣ, ಇನ್ನೂ ಹತ್ತು ಹನ್ನೆರಡು ಜನ ರೈತರು ಬಟ್ಟೆ, ಟ್ರೇ ಹಿಡಿದು ನಿಂತಿದ್ದರು. ಇಲಾಖೆಯ ಮೇಡಂ ಜೀಪಿನಿಂದ ಇಳಿದು, ಯಾರೂ ಹೇಳುವ ಮುಂಚೆಯೇ ಚಪ್ಪಲಿ ಬಿಟ್ಟು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಿ ಒಳಗೆ ಬಂದರು. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಹುಳ ನೋಡಿದರು. ಎರಡನೇ ಜ್ವರದಿಂದ ಸಮವಾಗಿ ಎದ್ದಿದ್ದವು, ಒಂದೇ ಅಳತೆ. "ಚೆನ್ನಾಗಿದೆ," ಎಂದರು. ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಚೀಟಿಗಳನ್ನೂ ನನ್ನ ಹಾಳೆಗಳನ್ನೂ ಜೋಡಿಸಿ ನೋಡಿದರು. ಮಾವ, ಗಂಡ, ಅತ್ತೆ, ನಾನು ಸುತ್ತ ನಿಂತಿದ್ದೆವು. ಹೊರಗೆ ರೈತರು ಬಾಗಿಲಿಗೆ ಮುತ್ತಿಕೊಂಡಿದ್ದರು.

"ಶಾಖ, ತೇವದ ಲೆಕ್ಕ ಎಲ್ಲಿ?"

"ಅಳಿಸಿಹೋಗಿದೆ ಮೇಡಂ. ಈ ಬ್ಯಾಚಿಂದು ಮಾತ್ರ ಇದೆ."

"ಹೇಗೆ?"

"ಕಂಪ್ಯೂಟರ್ ಕ್ಲೀನ್ ಮಾಡೋಕೆ ಹೋಗಿ."

ಅವರು ಕನ್ನಡಕ ತೆಗೆದರು. "ನೋಡಿ ಲತಾಮಣಿಯವರೇ, ಅರ್ಜಿ ಹಾಕಿದವರ ಕೈಯಿಂದಲೇ ದಾಖಲೆ ಹೋಗಿದ್ರೆ ನಾನು ವಾಪಸ್ ಕಳಿಸಲೇಬೇಕು. ಇನ್ನೆರಡು ವರ್ಷ ಕಾಯಬೇಕಾಗುತ್ತೆ. ಬೇರೆಯವರಿಂದ ಆಗಿದ್ರೆ ಹಾಗಂತ ಬರೀತೀನಿ, ಮುಂದಿನ ಮೂರು ಬ್ಯಾಚ್ ನೋಡಿ ನಿಮ್ಮ ಹೆಸರಿಗೆ ಮಾಡಬಹುದು. ಯಾರು ಅಳಿಸಿದ್ದು?"

ನಾನು ಹೇಳಬಹುದಿತ್ತು. ಹೇಳಿದರೆ ಅದು ಸೊಸೆ ಮಾವನ ಮೇಲೆ ಹೇರಿದ ಮಾತಾಗುತ್ತಿತ್ತು, ಹೊರಗಿದ್ದ ಹನ್ನೆರಡು ಜನ ಅದನ್ನು ಹಾಗೇ ಹೊತ್ತುಕೊಂಡು ಹೋಗುತ್ತಿದ್ದರು. ನಾನು ಮಾವನ ಮುಖವನ್ನೇ ನೋಡಿದೆ. ಗಂಡ ನೆಲ ನೋಡುತ್ತಿದ್ದರು. ಮಾವ ಗಂಟಲು ಸರಿಮಾಡಿಕೊಂಡರು, ನಗು ತಂದುಕೊಂಡರು.

"ನಮ್ ಸೊಸೆ ಈಗ ಚೆಂದಾಗೇ ಮಾಡ್ತಾಳೆ ಮೇಡಮ್ಮೋರೆ. ಹೊಸದ್ರಾಗೆ ಏನಾಗಿತ್ತು ಗೊತ್ತಾ, ಜ್ವರಕ್ಕೆ ಕೂತಿದ್ ಹುಳನ ಒಂದು ತಟ್ಟೆ..."

"ಆ ತಟ್ಟೆ ಸುದ್ದಿ ಸಾಕು ಬುಡಿ."

ಅಂದವರು ಅತ್ತೆ. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ಹನ್ನೊಂದು ವರ್ಸದಿಂದ ಕೇಳಿವ್ನಿ. ಅದುಕ್ಕೆ ಆಗ ಹತ್ತೊಂಬತ್ತು ವಯಸ್ಸು, ಹೇಳ್ಕೊಟ್ಟೋರು ಯಾರೂ ಇರ್ಲಿಲ್ಲ. ಮೇಡಮ್ಮೋರು ಕೇಳ್ತಾ ಇರೋದ್ನ ಹೇಳಿ. ನಾನು ಅವರೇಕಾಯಿ ಬಿಡುಸ್ತಾ ಅಲ್ಲೇ ಕೂತಿದ್ದೆ."

ಹೊತ್ತಿಗೆ ಸರಿಯಾಗಿ ಸೊಪ್ಪು ಸಿಗದ ಹುಳ ತಲೆ ಆಡಿಸುತ್ತಿದ್ದವು. ಮಾವ ಒಂದು ಸಲ ಅತ್ತೆಯನ್ನು ನೋಡಿದರು, ಒಂದು ಸಲ ಹುಳದ ತಟ್ಟೆಗಳನ್ನು ನೋಡಿದರು. ಅವರ ನಗು ಹೋಯಿತು. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾನೇ ಒತ್ತಿದ್ದು," ಎಂದರು. "ಕಣ್ಣಿತ್ತು ಮೇಡಮ್ಮೋರೆ. ನೋಡ್ನಿಲ್ಲ."

ಪಿಸುಮಾತಿನಷ್ಟು ಸಣ್ಣ ದನಿ. ತಟ್ಟೆಯ ಕತೆಯನ್ನು ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದ ಗಂಟಲು ಅದೇ. ಮೇಡಂಗೆ ಕೇಳಿಸಿತ್ತು, ಅವರ ಪೆನ್ನು ಆಗಲೇ ಕಾಗದದ ಮೇಲೆ ಓಡುತ್ತಿತ್ತು. ನನ್ನ ಅರ್ಜಿ ಉಳಿಯಿತು ಎಂದು ನನಗೆ ಗೊತ್ತಾಯಿತು. ಪಾಪ ವಯಸ್ಸಾದವರು, ಇಲ್ಲಿಗೆ ಬಿಡು ಎನ್ನುವ ಹಾಗೆ ಗಂಡ ನನ್ನ ಕಡೆ ನೋಡಿದರು. ನಾನು ಬಿಡಲಿಲ್ಲ. ಅಂಗಳದಲ್ಲಿ ಕತ್ತು ಉದ್ದ ಮಾಡಿಕೊಂಡು ನಿಂತಿದ್ದವರ ಕಡೆ ಕೈ ತೋರಿಸಿದೆ.

"ಜೋರಾಗಿ ಹೇಳಿ ಮಾವ. ಮುನೇಶಣ್ಣಂಗೆ ಕೇಳಿಸ್ನಿಲ್ಲ."